ಮೇಷ್ಟ್ರ ಮಧ್ಯದ ಭಾಗ

ನಮ್ಮಕ್ಕ ಪಿಯಾನೋ ಮುಂದೆ ಕೂತಳೆಂದರೆ ಮನೆಗೆ ಬೆಂಕಿ ಬಿದ್ದರೂ ಏಳುವವಳಲ್ಲ. ಹಗಲೆಲ್ಲ ಶಾಲೆಯಲ್ಲಿ ಮಕ್ಕಳಿಗೆ ಸಂಗೀತ ಪಾಠ, ಸಂಜೆಯಾದರೆ ಮನೆಯಲ್ಲಿ ಮೇಷ್ಟ್ರ ಕೃತಿ. ಪಕ್ಕದ ಕೋಣೆಯಲ್ಲಿ ಹೊಲಿಗೆ ಮೆಷಿನ್ ತುಳಿಯುತ್ತಾ, ಅದೇ ಸಾಲನ್ನು ಇನ್ನೆಷ್ಟು ಅರೆಯುತ್ತೀಯೇ ಮಾರಾಯ್ತಿ ಅಂತ ನಾನು ಗೊಣಗುತ್ತಿದ್ದೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ.

ಮೇಷ್ಟ್ರು ಅಂದರೆ ಅವಳಿಗೆ ಪಿಯಾನೋ ಕಲಿಸಿದವರು. ಹೊಟ್ಟೆಪಾಡಿಗೆ ಹಳೇ ಪಿಯಾನೋ ರಿಪೇರಿ ಮಾಡುತ್ತಿದ್ದರು, ಮಿಕ್ಕ ಹೊತ್ತಲ್ಲಿ ಸಂಗೀತ ಬರೆಯುತ್ತಿದ್ದರು. ಬರೆದದ್ದನ್ನು ಒಬ್ಬರೂ ಮೂಸಿ ನೋಡಲಿಲ್ಲ. ಬೆರಳು ಮರಗಟ್ಟಿದ ಮೇಲೆ ಬರೆದ ಈ ಕೊನೆಯ ಕೃತಿಯನ್ನಂತೂ ಅವರೇ ನುಡಿಸಿ ಕೇಳಲಾಗಲಿಲ್ಲ. ಅದನ್ನು ಅಕ್ಕನ ಕೈಗಿಟ್ಟು, "ಮಧ್ಯದ ಭಾಗ ಕಷ್ಟ. ಬಿಟ್ಟುಬಿಡಬೇಡಮ್ಮ, ನಾನಿರೋದು ಅದರಲ್ಲೇ" ಅಂದಿದ್ದರಂತೆ.

ಅಕ್ಕನ ಕೈ ಚಿಕ್ಕದು. ಆ ಭಾಗದಲ್ಲಿ ಒಟ್ಟಿಗೆ ಒತ್ತುವ ಒಂದೊಂದು ಸ್ವರಗುಚ್ಛಕ್ಕೂ ಬೆರಳು ಕಿತ್ತುಬರುವಷ್ಟು ಚಾಚಬೇಕು. ಅದು ಅವಳ ಕೈಗೆ ಒಗ್ಗುವ ಹೊತ್ತಿಗೆ ಮೇಷ್ಟ್ರು ಕಣ್ಣು ಮುಚ್ಚಿದ್ದರು. ಅವರಿಗೆ ಕೇಳಿಸಲಾಗಲಿಲ್ಲವಲ್ಲ ಅನ್ನೋ ಕೊರಗು ಅವಳನ್ನು ಹಿಂಡಿಹಾಕಿತು. ಹತ್ತು ಜನರ ಮುಂದಾದರೂ ಒಮ್ಮೆ ಪೂರ್ತಿ ನುಡಿಸಿಬಿಡಬೇಕು, ಅಷ್ಟೇ ಅವಳ ಆಸೆ.

ಕೊನೆಗೆ ಶಾಲೆಯ ಸಭಾಂಗಣವೇ ಸಿಕ್ಕಿತು. ಮೇಷ್ಟ್ರ ಮೇಲಿನ ಗೌರವಕ್ಕೆ ಹಾಳೆ ಇಟ್ಟುಕೊಳ್ಳದೆ, ನೆನಪಿನಿಂದಲೇ ನುಡಿಸುತ್ತೇನೆ ಅಂತ ಹಟ ಹಿಡಿದಳು. ಆ ಕೃತಿಯಲ್ಲಿ ಒಂದೇ ಧಾಟಿ ಎರಡು ಸಲ ಬರುತ್ತದೆ. ಮೊದಲ ಸಲ ಅದು ಮಧ್ಯದ ಭಾಗಕ್ಕೆ ಹೊರಳಬೇಕು, ಎರಡನೇ ಸಲ ಮುಕ್ತಾಯಕ್ಕೆ. ಗಾಬರಿಯಲ್ಲಿ ಅಕ್ಕನ ಬೆರಳು ಮೊದಲ ಸಲವೇ ಮುಕ್ತಾಯದ ದಾರಿ ಹಿಡಿಯಿತು. ಕೃತಿ ಮುಗಿದೇಹೋಯಿತು.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೆಡ್‌ಮೇಷ್ಟ್ರಂತೂ ಒಂದು ಸ್ವರವೂ ತಪ್ಪಲಿಲ್ಲ ಅಂತ ಎಲ್ಲರೆದುರು ಹೊಗಳಿದರು. ಪಾಪ, ಅವರಿಗಾದರೂ ಹೇಗೆ ಗೊತ್ತಾಗಬೇಕು? ನಮ್ಮ ಮನೆಯಾಚೆ ಯಾರೂ ಕೇಳಿರದ ಸಂಗೀತ ಅದು.

ವೇದಿಕೆ ಪಕ್ಕದ ಕೋಣೆಯಲ್ಲಿ ಅಕ್ಕ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಮಧ್ಯದ್ದು ಬರಲೇ ಇಲ್ಲವಲ್ಲೇ ಅಂತ ಕೇಳಿದೆ. ವರ್ಷಗಟ್ಟಲೆ ಗೋಡೆಯಾಚೆಯಿಂದ ಕೇಳಿದವಳು, ನನಗೆ ತಿಳಿಯದೆ ಇರುತ್ತದೆಯೇ!

"ಇಷ್ಟು ಜನ ಹೊಗಳಿದ್ರು" ಅಂದಳು. "ಮೇಷ್ಟ್ರು ಇದ್ದಿದ್ರೆ ಅಲ್ಲೇ ನಿಲ್ಲಿಸಿ ಬೈತಿದ್ರು ಕಣೇ. ಒಂದೇ ಒಂದು ಸಲ ಅವರ ಹತ್ರ ಬೈಸ್ಕೋಬೇಕು ಅನ್ನಿಸ್ತಿದೆ."

ನನಗೆ ಸಮಾಧಾನ ಹೇಳೋಕೆ ಬರೋದಿಲ್ಲ, ಸಿಟ್ಟು ಮಾತ್ರ ಚೆನ್ನಾಗಿ ಬರುತ್ತದೆ. ಅಳುತ್ತಾ ನಿಂತರೆ ಆಯಿತೇ, ಹೋಗಿ ನುಡಿಸು ಅಂತ ರೇಗಿದೆ.

ಸಭಾಂಗಣ ಖಾಲಿಯಾಗಿತ್ತು, ಜವಾನ ಕುರ್ಚಿ ಎತ್ತಿಡುತ್ತಿದ್ದ. ಅಕ್ಕ ಮಧ್ಯದ ಭಾಗವನ್ನು ಮೊದಲಿಂದ ಕೊನೆವರೆಗೆ ನುಡಿಸಿದಳು. ನಾನು ಒಬ್ಬಳೇ ಕೂತು ಕೇಳಿದೆ. ಮುಗಿದ ಮೇಲೆ ಚಪ್ಪಾಳೆ ತಟ್ಟಲು ಕೈ ಎತ್ತಿದವಳು ಹಾಗೇ ಇಳಿಸಿದೆ. ಅಕ್ಕ ನನ್ನ ಕಡೆ ತಿರುಗಿರಲಿಲ್ಲ. ಪಕ್ಕದಲ್ಲಿ ಯಾರೋ ಏನೋ ಹೇಳಲಿದ್ದಾರೆ ಅನ್ನುವಂತೆ ತಲೆ ತಗ್ಗಿಸಿ ಕಾಯುತ್ತಿದ್ದಳು.