ಮಂಗಳ ಗ್ರಹಕ್ಕೆ ಹೋಗಿ ಬಂದ ಬೋಗುಣಿ

ಇವತ್ತು ಬೋಗುಣಿ ತಿಕ್ಕಲು ಹುಣಸೆಹಣ್ಣು ನೆನೆಸಿದೆ. ಆ ಹುಳಿ ವಾಸನೆಗೆ ಹಳೆಯ ಸಿಟ್ಟು ಎದ್ದು ಕೂತಿತು.

ಶಾಲೆಯ ವೇಷದ ಸ್ಪರ್ಧೆಯಲ್ಲಿ ನಾನು ಮಂಗಳ ಗ್ರಹದಿಂದ ಮರಳಿದ ಯಾತ್ರಿ. ಇದೇ ಬೋಗುಣಿ ನನ್ನ ಹೆಲ್ಮೆಟ್ಟು. ನಿಜವೆನಿಸಲೆಂದು ವಾರವಿಡೀ ಅದಕ್ಕೆ ಒಲೆಯ ಮಸಿ, ಬಾದಾಮಿ ಗುಡ್ಡದ ಕೆಂಪು ಹುಡಿ ಬಳಿದಿದ್ದೆ.

ಸ್ಪರ್ಧೆಯ ದಿನ ಬೆಳಿಗ್ಗೆ, "ನೀ ಜಳಕಾ ಮಾಡಿ ಬಾ, ಬೋಗಾಣಿ ನಾ ಕಾಯ್ತೇನಿ," ಎಂದಳು ಅವ್ವ.

ಬಂದು ನೋಡಿದರೆ ಬೋಗುಣಿ ಕನ್ನಡಿಯಂತೆ ಹೊಳೆಯುತ್ತಿತ್ತು. ಕಾಯುತ್ತೇನೆ ಎಂದವಳೇ ತಿಕ್ಕಿಬಿಟ್ಟಿದ್ದಳು!

"ಯಾಕ ತಿಕ್ಕಿದಿ ಬೇ?"

"ಹೊಲಸ ಬೋಗಾಣಿ ಹೊತಗೊಂಡು ಹೋದ್ರ ಮಂದಿ ನಿನಗಲ್ಲ, ನನಗ ಆಡ್ಕೋತಾರ."

ವೇದಿಕೆ ಏರಿದಾಗ ಮಾಸ್ತರು ನಕ್ಕರು: "ಏನಪಾ, ಅಡಗಿ ಮಾಡಾಂವ ಏನ್ ನೀ?"

ಬೋಗುಣಿಯ ಅಂಚಿನ ಮಡಿಕೆಯಲ್ಲಿ ಅವ್ವನ ಕೈಗೆ ಸಿಗದ ಮಸಿ ಇನ್ನೂ ಇದೆ. ಇವತ್ತೂ ಅದೊಂದನ್ನು ತಿಕ್ಕದೆ ಬಿಟ್ಟೆ.