ಕಾಕಾ ಹುಡುಕಿದ ಕಾರಿಲ್ಲದ ಹಾದಿ

ಹೋದ ಭಾನುವಾರ ಮಣ್ಣಿನ ಚೀಲ ತರಲು ಗಿಡಗಳ ಅಂಗಡಿಗೆ ಹೋಗಿದ್ದೆ. ಹಿಂದಿನ ಅಂಗಳದಲ್ಲಿ ಹಳೆಯ ರೈಲು ಹಳಿಯ ಮರದ ಸ್ಲೀಪರ್‌ಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಇಲ್ಲಿನವರು ಅವನ್ನು ಹೂವಿನ ಮಡಿಗಳ ಅಂಚಿಗೆ ಹಾಕುತ್ತಾರೆ. ಬಿಸಿಲಿಗೆ ಮರ ಕಾದು ಡಾಂಬರಿನಂಥ ವಾಸನೆ ಏಳುತ್ತಿತ್ತು. ಚೀಲ ಹೆಗಲ ಮೇಲಿದ್ದದ್ದೂ ಮರೆತು ನಿಂತುಬಿಟ್ಟೆ. ಕಾಕಾ ನೆನಪಾದರು...

ಅವರು ನನಗೆ ಸಂಬಂಧಿಕರಲ್ಲ. ಈ ದೇಶಕ್ಕೆ ಬಂದು ಫ್ರಿಸ್ಕೋ ಅನ್ನುವ ಊರಿನಲ್ಲಿ ಮಗಳ ಮನೆಯಲ್ಲಿದ್ದರು. ಮಗಳು ಡಾಕ್ಟರು. ಉಳಿದವರೆಲ್ಲ ಅವರನ್ನು ಅಂಕಲ್ ಅನ್ನುತ್ತಿದ್ದರು. ನಾನು ರಾಣೆಬೆನ್ನೂರಿನವನು, ನನ್ನ ಬಾಯಿಗೆ ಬಂದದ್ದು ಕಾಕಾ. ಹುಬ್ಬಳ್ಳಿ ಕಡೆ ರೈಲ್ವೆಯಲ್ಲಿ ಮೂವತ್ತು ವರ್ಷ ಕೀಮ್ಯಾನ್ ಆಗಿ ದುಡಿದವರು. ದಿನಾ ಹಳಿಯ ಗುಂಟ ನಡೆದು, ಸಡಿಲಾದದ್ದನ್ನು ಸುತ್ತಿಗೆಯಿಂದ ಬಡಿದು ಬಿಗಿ ಮಾಡುವ ಕೆಲಸ ಅದು.

ನಾನಾಗ ಪಕ್ಕದ ಊರು ಪ್ಲೇನೋದ ಒಂದು ಹೋಟೆಲಿನಲ್ಲಿ ಅಡುಗೆಯವನು. ಮೂರು ಸಲ ಡ್ರೈವಿಂಗ್ ಟೆಸ್ಟ್ ಫೇಲಾಗಿದ್ದೆ. ಆರು ಲೇನಿನ ರಸ್ತೆಯಲ್ಲಿ ಎಡಕ್ಕೆ ತಿರುಗಿಸು ಅಂದರೆ ಕಾಲು ಬ್ರೇಕಿನ ಮೇಲೆ ಕೂತುಬಿಡುತ್ತಿತ್ತು. ಅದಕ್ಕೇ ಹಳೆಯ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದೆ. ರಸ್ತೆಯ ಅಂಚು ಹಿಡಿದು, ಜೀವ ಕೈಯಲ್ಲಿ ಹಿಡಿದು. ಒಂದು ದಿನ ದೊಡ್ಡ ಟ್ರಕ್ಕೊಂದು ಮೊಣಕೈ ಸವರಿಕೊಂಡೇ ಹೋಯಿತು. ಅವತ್ತು ಮಧ್ಯಾಹ್ನ ಹಿಂದಿನ ಬಾಗಿಲ ಹತ್ತಿರ ಉಳ್ಳಾಗಡ್ಡಿ ಹೆಚ್ಚುತ್ತ ಕೂತಿದ್ದೆ. ಮಗಳ ಮನೆಯವರ ಜೊತೆ ಊಟಕ್ಕೆ ಬಂದಿದ್ದ ಕಾಕಾ ಕೈ ಒರೆಸಿಕೊಳ್ಳುತ್ತ ಅಲ್ಲಿಗೇ ಬಂದರು.

"ಎಣಗಾಯಿ ಮಾಡಿದಾಂವ ನೀನೇನು?"

"ಹೌದ್ರಿ. ಯಾಕ್ರಿ, ಖಾರ ಆತೇನ್ರಿ?"

"ಖಾರ ಸರಿ ಐತಿ. ಮೊಣಕೈಗೆ ಏನಾತು?"

ಟ್ರಕ್ಕಿನ ಸಂಗತಿ, ನನ್ನೂರು ಎಲ್ಲ ಹೇಳಿದೆ. ಕಾಕಾ ನನ್ನ ಸೈಕಲ್ಲಿನ ಚೈನು ಎತ್ತಿ ನೋಡಿದರು.

"ಸಾಯಾಕ ಇಷ್ಟು ದೂರ ಯಾಕ ಬಂದಿ ತಮ್ಮಾ? ಅದು ರಾಣೆಬೆನ್ನೂರಾಗ ಆಗ್ತಿದ್ದಿಲ್ಲೇನು? ನಾಳೆ ಮುಂಜಾನೆ ತಯಾರಿರು. ಒಂದೂ ಕಾರಿನ ಮಾರಿ ನೋಡಲಾರದ ಹಾದಿ ತೋರಿಸ್ತೀನಿ."

ತೋರಿಸಿದರು. ಹೈಟೆನ್ಶನ್ ತಂತಿಗಳ ಕೆಳಗೆ, ಬಡಾವಣೆಗಳ ಬೆನ್ನ ಹಿಂದೆ, ಹಳ್ಳದ ದಂಡೆ ಹಿಡಿದು ಸಿಮೆಂಟಿನ ಹಾದಿ ಹೋಗುತ್ತಿತ್ತು. ದೊಡ್ಡ ರಸ್ತೆ ಬಂದಲ್ಲಿ ಸೇತುವೆಯ ಕೆಳಗೆ ತೂರಿ ಆಚೆ ಏಳುತ್ತಿತ್ತು. ತಲೆಯ ಮೇಲೆ ಕಾರುಗಳು ಗುಡುಗುತ್ತಿದ್ದವು, ಕೆಳಗೆ ನಾವಿಬ್ಬರೇ. ವರ್ಷಗಟ್ಟಲೆ ಕಾರಿನಲ್ಲಿ ಓಡಾಡಿದವರಿಗೂ ಆ ಹಾದಿಗಳು ಒಂದಕ್ಕೊಂದು ಕೂಡುತ್ತವೆ ಅನ್ನುವುದು ಗೊತ್ತಿರಲಿಲ್ಲ. ಅಲ್ಲೊಂದು ತುಂಡು, ಇಲ್ಲೊಂದು ತುಂಡು. ಕಾಕಾ ಒಂದು ಬೇಸಿಗೆ ಪೂರ್ತಿ ಸುತ್ತಿ, ಚರ್ಚಿನ ಹಿಂದಿನ ಮೈದಾನ, ಶಾಲೆಯ ಬೇಲಿ ಎಲ್ಲ ದಾಟಿ, ಫ್ರಿಸ್ಕೋದಿಂದ ನಮ್ಮ ಹೋಟೆಲಿನ ತನಕ ಅವನ್ನು ಜೋಡಿಸಿಕೊಂಡಿದ್ದರು.

ಮೊದಲ ದಿನವೇ ನಾನು ಎಡವಟ್ಟು ಮಾಡಿದೆ. ಎದುರಿನಿಂದ ಸೈಕಲ್ ಬಂತು ಅಂತ ಊರಿನ ರೂಢಿಯಂತೆ ಎಡಕ್ಕೆ ಸರಿದೆ. ಆ ಹೆಣ್ಣುಮಗಳು ಇಲ್ಲಿನ ರೂಢಿಯಂತೆ ತನ್ನ ಬಲಕ್ಕೆ ಸರಿದಳು. ಇಬ್ಬರೂ ಹುಲ್ಲಿಗೆ ಬಿದ್ದೆವು. ಆಕೆಯೇ ಸಾರಿ ಅಂದಳು. ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕರು.

"ನೀ ಪುಣ್ಯವಂತ. ನಾ ಮೊದಲನೇ ಸಲ ಒಬ್ಬ ಪೊಲೀಸಂಗ ಗುದ್ದಿದ್ದೆ."

ಕಾಕಾನ ಸೈಕಲ್ ಸವಾರಿಗೆ ಮನೆಯಲ್ಲಿ ಒಂದು ಕರಾರಿತ್ತು. ಹಾದಿ ಹುಡುಕಿದ ಆ ಬೇಸಿಗೆಯ ಕೊನೆಗೆ ಬಿಸಿಲಿಗೆ ತಲೆ ಸುತ್ತಿ ಬಿದ್ದಿದ್ದರಂತೆ. ಅಂದಿನಿಂದ ಮಗಳು ಒಬ್ಬರನ್ನೇ ಕಳಿಸುತ್ತಿರಲಿಲ್ಲ. ಎದುರಿನಿಂದ ನಾನು ಬಂದು ನೋಡಿಕೊಳ್ಳುತ್ತೇನೆ ಅಂದ ಮೇಲೆ ಒಪ್ಪಿದ್ದರು. ಮಂಗಳವಾರ, ಶನಿವಾರ ಮುಂಜಾನೆ ಕಾಕಾ ಆ ಕಡೆಯಿಂದ, ನಾನು ಈ ಕಡೆಯಿಂದ ಹೊರಟು ನಡುವಿನ ಮರದ ಸೇತುವೆಯಲ್ಲಿ ಭೇಟಿಯಾಗಬೇಕು. ಕಾಕಾ ಅಲ್ಲಿಂದಲೇ ಹೊರಳಬೇಕು, ಒಂದು ಹೆಜ್ಜೆ ಮುಂದೆ ಹೋಗಕೂಡದು. ಹೋದರೆ ಸೈಕಲ್ ಬಂದ್. "ನೀ ಬಂದ್ರ ನಾ ಬದುಕಿದೆ ತಮ್ಮಾ," ಅನ್ನುತ್ತಿದ್ದರು. "ಇಲ್ಲಂದ್ರ ದಿನಾ ಆ ಸೋಫಾದ ಮ್ಯಾಲ ಕುಂತು ಎಸಿ ಸಪ್ಪಳ ಕೇಳಬೇಕು."

ಭೇಟಿಯನ್ನೂ ಅವರು ರೈಲ್ವೆ ಪದ್ಧತಿಯಂತೆ ಮಾಡಿದ್ದರು. ಮಳೆಗಾಲದಲ್ಲಿ ಹಳಿ ಕಾಯುವವರು ಎರಡು ತುದಿಯಿಂದ ಹೊರಟು, ನಡುವೆ ಕೂಡಿ, ಒಬ್ಬರ ಪುಸ್ತಕ ಇನ್ನೊಬ್ಬರಿಗೆ ಕೊಟ್ಟು ಹಿಂದಿರುಗುತ್ತಾರಂತೆ. ಪುಸ್ತಕ ಬದಲಾಗಿದ್ದರೆ ಇಬ್ಬರೂ ಪೂರ್ತಿ ನಡೆದರು ಅಂತ ಅರ್ಥ. ನಮಗೂ ಎರಡು ನೋಟ್‌ಬುಕ್ ತಂದರು. ದಾರಿಯಲ್ಲಿ ಕಂಡದ್ದನ್ನು ಬರೆಯಬೇಕು. ನಾನು ಖಾನಾವಳಿಯ ಕೆಲಸ ಮಾಡುತ್ತ ಇಪ್ಪತ್ತಾರನೆಯ ವಯಸ್ಸಿಗೆ ಶಾಲೆಯ ಹತ್ತನೆಯ ಇಯತ್ತೆ ಮುಗಿಸಿದವನು, ಅವರ ಓದು ನಾಲ್ಕನೆಯದಕ್ಕೇ ನಿಂತಿತ್ತು. ನಮ್ಮ ಬರವಣಿಗೆ ಇಷ್ಟೇ: ಶಾಲೆಯ ಹತ್ತಿರದ ನಲ್ಲಿಯಲ್ಲಿ ನೀರು ಬರುತ್ತದೆ. ಎರಡನೆಯ ಸೇತುವೆ ಕೆಳಗೆ ಕೆಸರು. ಹತ್ತರ ನಂತರ ಎಲ್ಲಿಯೂ ನೆರಳಿಲ್ಲ.

"ಎದುರಿನಾಂವ ಬರಲಿಲ್ಲಂದ್ರ?" ಅಂತ ಒಮ್ಮೆ ಕೇಳಿದ್ದೆ.

"ಸ್ವಲ್ಪ ಕಾಯಬೇಕು. ಆಮ್ಯಾಲ ಮುಂದ ನಡೀಬೇಕು. ಅಂವಾ ಸಿಗೂ ತನಕ ನಡೀಬೇಕು. ಎಲ್ಲಿ ಬಿದ್ದಾನೋ ಯಾರಿಗೆ ಗೊತ್ತು?"

ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ಒಂದು ಜುಲೈಯಲ್ಲಿ ನನಗೆ ಲೈಸೆನ್ಸ್ ಸಿಕ್ಕಿತು. ಹಳೆಯ ಕಾರೊಂದನ್ನು ತೆಗೆದುಕೊಂಡೆ. ಕಾಕಾಗೆ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಅಂತ ಎಷ್ಟು ಸಲ ಯೋಚಿಸಿದ್ದೇನೋ... ಹೇಳಿದರೆ ಅವರ ಮುಖ ಸಣ್ಣದಾಗುತ್ತದೆ ಅನ್ನಿಸಿರಬೇಕು. ಎರಡು ವಾರ ಭೇಟಿಯ ದಿನಗಳಲ್ಲಿ ಮಾತ್ರ ಸೈಕಲ್ ತೆಗೆದೆ.

ಮೂರನೆಯ ಶನಿವಾರ ಯಾರದೋ ಮನೆಯ ಮುಂಜಿವೆಗೆ ಅಡುಗೆ ಕೊಡಬೇಕಿತ್ತು. ನಸುಕಿನಲ್ಲೇ ಕಾರು ಹತ್ತಿ ಹೋಟೆಲಿಗೆ ಹೋದೆ. ಫೋನು ಕಾರಿನಲ್ಲೇ ಉಳಿಯಿತು. ಒಲೆಯ ಮುಂದೆ ನಿಂತವನಿಗೆ ಕಾಕಾ ನೆನಪೇ ಆಗಲಿಲ್ಲ. ಅದು ಮಳೆ ಕಾಣದ ಬೇಸಿಗೆ, ಹಳ್ಳ ಒಣಗಿ ತಳ ಬಿರುಕು ಬಿಟ್ಟಿತ್ತು.

ಹನ್ನೊಂದರ ಸುಮಾರಿಗೆ ಹಿಂದಿನ ಬಾಗಿಲು ತೆರೆಯಿತು. ಕಾಕಾ ನಿಂತಿದ್ದರು. ಮುಖ ಸುಟ್ಟ ಇಟ್ಟಿಗೆಯಂತೆ ಕೆಂಪಾಗಿತ್ತು, ತುಟಿಗಳು ಬೆಳ್ಳಗಾಗಿದ್ದವು.

"ಆರಾಮ ಅದೀಯಲ್ಲ?" ಅಂದರು. "ಹಾದಿ ಗುಂಟ ಎರಡೂ ಕಡೆ ಹಳ್ಳದಾಗ ಇಣುಕಿ ನೋಡಕೋತ ಬಂದೆ."

ಉಳ್ಳಾಗಡ್ಡಿ ಚೀಲದ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟೆ. ಎರಡು ಗ್ಲಾಸು ಕುಡಿದ ಮೇಲೆ ನನ್ನ ಸೊಂಟಕ್ಕೆ ಸಿಕ್ಕಿಸಿದ್ದ ಕೀಲಿಯನ್ನು ನೋಡಿದರು.

"ಲೈಸೆನ್ಸ್ ಬಂತೇನು?"

"ಹೂಂ, ಕಾಕಾ."

"ಛಲೋ ಆತು. ಪೇಢೆ ಕೊಡದಽ ನುಂಗಿದಿ ಹಂಗಾರ!" ಅಂದು ನಕ್ಕರು. ನಿಜವಾಗಿಯೂ ಖುಷಿಯಿಂದ ನಕ್ಕರು. ಅದನ್ನು ತಡೆದುಕೊಳ್ಳುವುದೇ ನನಗೆ ಕಷ್ಟವಾಯಿತು.

ನಮ್ಮ ಮಾಲೀಕರು ಕಾಕಾನ ಮಗಳಿಗೆ ಫೋನ್ ಮಾಡಿದರು. ಅಕ್ಕಾವರು ಆಸ್ಪತ್ರೆಯಿಂದ ಹಾಗೇ ಓಡಿ ಬಂದರು. ಅಪ್ಪನ ನಾಡಿ ಹಿಡಿದು, ನನ್ನ ಕಡೆ ತಿರುಗಿ ಕೇಳಿದರು: "ನೀವು ಬ್ರಿಜ್ ಹತ್ರ ಬಂದಿರಲಿಲ್ಲೇನ್ರಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಕಾಕಾ ಅಂದರು: "ಬಂದಿದ್ದ, ಬಂದಿದ್ದ. ವ್ಯಾಳ್ಯಾಕ್ಕ ಬಂದು ಹೋದ. ನನಗಽ ಇಲ್ಲೀ ತನಕ ಹೊಡಿಯೂ ಹುಕಿ ಬಂತು."

"ಅಪ್ಪಾ, ಮಾತು ಕೊಟ್ಟಿದ್ರಿ ನನಗ."

"ಕೊಟ್ಟಿದ್ದೆ. ತಪ್ಪಿದೆ."

ಪಲ್ಯ ಹೊತ್ತುತ್ತದೆ ಅಂತ ಒಲೆಯ ಕಡೆ ತಿರುಗಿದೆ.

ಸೈಕಲ್ ಬಂದ್ ಆಯಿತು. ತಿಂಗಳಾದ ಮೇಲೆ ನೋಡಲು ಹೋದಾಗ ಅದನ್ನು ಗ್ಯಾರೇಜಿನ ಗೋಡೆಗೆ ಎತ್ತರದಲ್ಲಿ ತೂಗು ಹಾಕಿದ್ದರು. ಕಾಕಾ ಅದರ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. "ಶಾಲೆ ಹತ್ರದ ನಲ್ಲಿಗೆ ನೀರು ಬರ್ತಾವೇನು?" ಅಂತ ಕೇಳಿದರು. ನಾನು ಆ ಕಡೆ ಹೋಗಿಯೇ ಇರಲಿಲ್ಲ. ಬರ್ತಾವು ಅಂದೆ. ಆ ಚಳಿಗಾಲದಲ್ಲಿ ಅವರು ಹುಬ್ಬಳ್ಳಿಗೆ ಹೋದರು. ಮರುವರ್ಷ ತೀರಿಕೊಂಡ ಸುದ್ದಿ ಮಾಲೀಕರ ಬಾಯಿಂದ ಬಂತು.

ಅದಾಗಿ ಮೂರು ವರ್ಷ. ಭಾನುವಾರ ಅವರು ನೆನಪಾದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬುಧವಾರ ಫ್ರಿಸ್ಕೋಗೆ ಹೋಗಿ ಬೆಲ್ ಒತ್ತಿದೆ. ಅಕ್ಕಾವರು ಬಾಗಿಲು ತೆರೆದರು. ಒಳಗೆ ಬನ್ರಿ ಅಂದರು. ಒಳಗೆ ಹೋದರೆ ಚಹಾ ಬರುತ್ತದೆ, ಮಾತು ಬೇರೆ ಕಡೆ ಹೋಗುತ್ತದೆ. ಹೊಸ್ತಿಲ ಹೊರಗೇ ನಿಂತು ಹೇಳಿದೆ: "ಅಕ್ಕಾರ, ಅವತ್ತು ನಾ ಬ್ರಿಜ್‌ಗೆ ಬಂದಿದ್ದಿಲ್ರಿ. ನನ್ನ ಹುಡುಕ್ಕೋತ ಹೋಟೆಲಿನ ತನಕ ಬಂದ ಕಾಕಾ, ನನ್ನ ಸಲುವಾಗಿ ಸುಳ್ಳು ಹೇಳಿದ್ರು."

ಆಕೆ ಬಾಗಿಲನ್ನು ಬೆನ್ನ ಹಿಂದೆ ಅರ್ಧ ಎಳೆದುಕೊಂಡು ಹೊಸ್ತಿಲಿಗೆ ಬಂದರು.

"ನಾ ಅವರಿಗೆ ಭಾಳ ಬೈದೆ," ಅಂದರು. "ಸಣ್ಣ ಹುಡುಗರಂಗ ಹಟ ಮಾಡ್ತೀರಿ, ನಿಮ್ಮ ಮಾತು ನಂಬೂದಿಲ್ಲ ಅಂದೆ. ಅವರಿದ್ದಾಗ ಹೇಳಬೇಕಿತ್ರೀ. ಬ್ಯಾರೆ ಯಾರನ್ನರೆ ಜೋಡಿ ಮಾಡಿ ಕಳಸ್ತಿದ್ದೆ."

ನಾನು ತಲೆ ತಗ್ಗಿಸಿದೆ. ಒಳಗಿನಿಂದ ಅವರ ಮಗಳು ಇಂಗ್ಲಿಷಿನಲ್ಲಿ ಯಾರಮ್ಮಾ ಅಂತ ಕೂಗಿ ಕೇಳಿದಳು. ಅಕ್ಕಾವರು ಅಂಗಿಯ ತೋಳಿನಿಂದ ಒಮ್ಮೆ ಕಣ್ಣು ಒರೆಸಿಕೊಂಡರು.

"ಅಜ್ಜಾ ಅವತ್ತು ಬಿಸಿಲಾಗ ಯಾರನ್ನ ಹುಡುಕ್ಕೊಂಡು ಹೋಗಿದ್ರೋ," ಅಂದರು ಒಳಗಿನ ಮಗಳಿಗೆ, "ಅವರು."