‘ಬಿಡ್ಲಾ?’ ಎಂದು ಕೇಳಿದ್ದಳು

ಮೊಮ್ಮಗಳು ಗೆಳತಿಯರ ಜೊತೆ ಜಪಾನಿನ ಹೊಕ್ಕೈಡೋಗೆ ಸ್ಕೀಯಿಂಗ್ ಹೋಗುತ್ತಾಳಂತೆ. ಈ ಸಿಂಗಪುರದ ಸೆಕೆಯಲ್ಲಿ ವರ್ಷಗಟ್ಟಲೆ ಯಾರೂ ಮುಟ್ಟದ ಉಣ್ಣೆ ಬಟ್ಟೆಗಳ ಸೂಟ್‌ಕೇಸನ್ನು ಮೊನ್ನೆ ಅವಳಿಗಾಗಿ ಮಂಚದ ಕೆಳಗಿನಿಂದ ಎಳೆದೆ. ನುಸಿಗುಳಿಗೆಯ ವಾಸನೆಯ ಅಡಿಯಿಂದ ಸಣ್ಣಗೆ ನೀಲಗಿರಿ ಎಣ್ಣೆಯ ಘಾಟು ಬಂತು. ಕಂದು ಬಣ್ಣದ ಮಫ್ಲರ್. ನನ್ನದಲ್ಲ, ಎದುರು ಮನೆಯವಳದು. ವಾಪಸ್ ಕೊಡಬೇಕೆಂದು ಇಟ್ಟಿದ್ದು, ಹದಿನೈದು ವರ್ಷವಾಯಿತೇನೋ...

ವುಡ್‌ಲ್ಯಾಂಡ್ಸ್‌ನ ನಮ್ಮ ಬ್ಲಾಕಿನಲ್ಲಿ ಅವಳ ಬಾಗಿಲು, ನನ್ನ ಬಾಗಿಲು ಎದುರುಬದುರು. ಅವಳು ಮೈಸೂರಿನವಳು, ನಾನು ಬೆಂಗಳೂರಿನ ಕಾನ್ವೆಂಟಿನಲ್ಲಿ ಬೆಳೆದವಳು. ಇಪ್ಪತ್ತು ವರ್ಷ ಸಾರಿನ ಪುಡಿ, ಮಕ್ಕಳ ಜ್ವರದ ಚಿಂತೆ, ಗಂಡಂದಿರ ಮೇಲಿನ ಕಂಪ್ಲೇಂಟು ಎಲ್ಲವೂ ಆ ಕಾರಿಡಾರಿನಲ್ಲೇ ಅತ್ತಿಂದಿತ್ತ ಓಡಾಡಿದ್ದವು. ನನ್ನ ಇಂಗ್ಲಿಷ್ ಕನ್ನಡವನ್ನು ಅಣಕಿಸುವುದು ಅವಳಿಗೆ ಬಲು ಇಷ್ಟ.

ಅವಳ ಗಂಡ ತೀರಿಕೊಂಡ ಮೇಲೆ ಮೈಸೂರಿನಿಂದ ಅಕ್ಕ ದಿನಾ ಫೋನ್ ಮಾಡಿ ‘ಬಂದ್ಬಿಡು’ ಎನ್ನತೊಡಗಿದ್ದಳು. ಕಾಯಂ ವಾಸದ ಪಿಆರ್ ಪರ್ಮಿಟ್ ರಿನ್ಯೂ ಮಾಡಿಸಿ ಇಲ್ಲೇ ಇರುವುದೋ, ಮನೆ ಮಾರಿ ಹೋಗುವುದೋ... ನನ್ನೆದುರು ಆ ಮಾತು ಎತ್ತಿ, ನನ್ನ ಮುಖ ನೋಡಿ, ಸುಮ್ಮನಾಗುತ್ತಿದ್ದಳು. ಹೋಗಬೇಡ ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ಇನ್ನೊಬ್ಬರ ಪರ್ಸನಲ್ ವಿಷಯದಲ್ಲಿ ತಲೆಹಾಕುವುದು ಬ್ಯಾಡ್ ಮ್ಯಾನರ್ಸ್ ಎಂದು ಸಿಸ್ಟರ್‌ಗಳು ಕಲಿಸಿದ್ದರು. ನಾನು ಗುಡ್ ಸ್ಟೂಡೆಂಟ್.

ಆ ಡಿಸೆಂಬರಿನಲ್ಲಿ ನಾವಿಬ್ಬರು, ರಾಫೆಲ್ಸ್ ಪ್ಲೇಸಿನ ನನ್ನ ಆಫೀಸಿನ ಗೆಳತಿಯರಿಬ್ಬರು, ಹೀಗೆ ನಾಲ್ವರು ಹೊಕ್ಕೈಡೋಗೆ ಹೋಗಿ ಕಾರು ಬಾಡಿಗೆಗೆ ಹಿಡಿದೆವು. ಅವಳೇ ಡ್ರೈವರ್. ರಸ್ತೆಯ ಎರಡೂ ಕಡೆ ಆಳೆತ್ತರದ ಹಿಮದ ಗೋಡೆ, ಒಳಗೆ ಚಕ್ಕುಲಿ ಡಬ್ಬ, ನಗು. ಸ್ಕೀಯಿಂಗ್ ಎಂದರೆ, ಪುಟಾಣಿ ಮಕ್ಕಳು ಕಲಿಯುವ ಇಳಿಜಾರಿನಲ್ಲಿ ನಾವು ಉರುಳಿದ್ದು ಅಷ್ಟೇ. ಬಿದ್ದಾಗಲೆಲ್ಲ ನನ್ನ ಬಾಯಲ್ಲಿ ತಾನಾಗಿ ‘ಸಾರಿ’ ಬರುತ್ತಿತ್ತು.

“ಯಾರಿಗೇ ಸಾರಿ ಹೇಳ್ತಿದೀಯ, ಈ ಹಿಮಕ್ಕೇನು?” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. “ಕಾನ್ವೆಂಟ್ ಮಹಾರಾಣಿ! ಬೀಳೋಕೂ ಪರ್ಮಿಷನ್ ಕೇಳ್ಬಿಡು.”

ತನ್ನ ಮಫ್ಲರ್ ಬಿಚ್ಚಿ ನನ್ನ ಕತ್ತಿಗೆ ಸುತ್ತಿದ್ದು ಆಗಲೇ.

ಮರುದಿನ ಸ್ನೋಮೊಬೈಲ್, ಹಿಮದ ಮೇಲೆ ಓಡುವ ಬೈಕಿನಂಥದ್ದು. ಒಂದು ಗಾಡಿಗೆ ಇಬ್ಬರು. ಮುಂದೆ ಅವಳು, ಹಿಂದೆ ಅವಳ ಸೊಂಟ ಹಿಡಿದು ನಾನು. ಕಾಡಿನ ನಡುವಿನ ಬಯಲಿನಲ್ಲಿ ನಮ್ಮನ್ನು ನಿಲ್ಲಿಸಿದ್ದ ಗೈಡ್, ಕೈ ಬೀಸಿ ಮುಂದೆ ಹೊರಟ. ಗೆಳತಿಯರ ಗಾಡಿಯೂ ಹೊರಟಿತು. ಅವಳು ಮಾತ್ರ ಹೊರಡದೆ ಆ ಬಿಳುಪನ್ನೇ ನೋಡುತ್ತಿದ್ದಳು. ಆಮೇಲೆ ಹೆಲ್ಮೆಟ್ ಹೊತ್ತ ತಲೆಯನ್ನು ಅರ್ಧ ತಿರುಗಿಸಿ ಏನೋ ಕೇಳಿದಳು. ಇಂಜಿನ್ನಿನ ಗಡಗಡದಲ್ಲಿ ನನಗೆ ಕೊನೆಯ ಪದ ಮಾತ್ರ ಕೇಳಿಸಿತು.

“...ಬಿಡ್ಲಾ?”

ಗಾಡಿ ಬಿಡಲೇ ಎನ್ನುತ್ತಿದ್ದಾಳೆ ಅಂದುಕೊಂಡೆ. “ಬಿಡು, ಬಿಡು! ಎಷ್ಟೊತ್ತು ಕಾಯೋದು, ಫ್ರೀಝ್ ಆಗ್ತಿದೀನಿ ಕಣೇ!” ಎಂದು ಅವಳ ಬೆನ್ನು ತಟ್ಟಿದೆ.

ಬಿಟ್ಟಳು. ವಾಪಸ್ ಬರುವ ದಾರಿಯುದ್ದಕ್ಕೂ ಮಾತಿಲ್ಲ. ಸುಸ್ತಾಗಿರಬೇಕು ಅಂದುಕೊಂಡೆ...

ಕೆಲವೇ ತಿಂಗಳಲ್ಲಿ ಅವಳು ಫ್ಲ್ಯಾಟ್ ಮಾರಿದಳು. ಏರ್‌ಪೋರ್ಟಿನಲ್ಲಿ, ಒಳಗೆ ಹೋಗುವ ಮುಂಚೆ, ಪಾಸ್‌ಪೋರ್ಟನ್ನು ಬ್ಯಾಗಿಗೆ ಹಾಕಿ, ತೆಗೆದು, ಮತ್ತೆ ಹಾಕುತ್ತಾ ಹೇಳಿದಳು:

“ಅವತ್ತು ಹಿಮದಲ್ಲಿ ಕೇಳಿದ್ನಲ್ಲ, ಈ ಊರು ಬಿಡ್ಲಾ ಅಂತ. ನೀನೊಬ್ಳಾದ್ರೂ ಬೇಡ ಅಂತೀಯೇನೋ ಅಂದ್ಕೊಂಡಿದ್ದೆ ಕಣೇ. ಒಂದ್ಸಲ ಅಲ್ಲ, ಎರಡ್ಸಲ ಬಿಡು ಅಂದೆ. ಬೆನ್ನು ಬೇರೆ ತಟ್ಟಿದೆ!”

ನಗುತ್ತಲೇ ಹೇಳಿದಳು. ನಾನು ಗಾಡಿ ಅಂದುಕೊಂಡೆ ಕಣೇ, ಎನ್ನಬೇಕಿತ್ತು. ಹೋಗಬೇಡ, ಎನ್ನಬೇಕಿತ್ತು. ಆದರೆ ಮನೆ ಮಾರಿಯಾಗಿತ್ತು, ಸುತ್ತ ಜನ, ಸೀನ್ ಮಾಡುವುದು ಹೇಗೆ...

“ರೀಚ್ ಆದ್ಮೇಲೆ ಮೆಸೇಜ್ ಮಾಡು” ಎಂದೆ.

ಆಮೇಲೆ ಪ್ರತಿ ಭಾನುವಾರ ಫೋನು. ಈ ವಾರ ಹೇಳಿಬಿಡಬೇಕು ಎಂದುಕೊಂಡೇ ನಂಬರ್ ಒತ್ತುತ್ತಿದ್ದೆ. ಮಂಡಿನೋವು, ಮೈಸೂರಿನ ಬಿಸಿಲು, ಮೊಮ್ಮಕ್ಕಳು... ಮಾತು ಮುಗಿದುಹೋಗುತ್ತಿತ್ತು. ಎರಡು ವರ್ಷದ ಹಿಂದೆ ಒಂದು ಭಾನುವಾರ ಅವಳ ನಂಬರಿನಿಂದ ‘ಹೋಗ್ಬಿಟ್ಲು ಕಣಮ್ಮ’ ಎಂದು ಅವಳ ಅಕ್ಕನ ದನಿ ಬಂತು.

ಹೇಳಿದ್ದರೆ ಉಳಿಯುತ್ತಿದ್ದಳು ಎಂದೇನಲ್ಲ. ಅಕ್ಕನ ಜೊತೆ ಸುಖವಾಗಿಯೇ ಇದ್ದಳು. ಆದರೆ, ತಾನು ಹೋದರೆ ನನಗೇನೂ ಅನ್ನಿಸದು ಎಂದುಕೊಂಡೇ ಹೋದಳಲ್ಲ...

ಎದುರು ಮನೆಯಲ್ಲಿ ಈಗ ಯಂಗ್ ಕಪಲ್ ಇದ್ದಾರೆ. ಒಳ್ಳೆಯವರು, ನನಗಾಗಿ ಲಿಫ್ಟ್ ಹಿಡಿದು ನಿಲ್ಲುತ್ತಾರೆ. ಅವರ ಗೇಟು ಸದ್ದಾದರೆ ಇವತ್ತಿಗೂ ನಾನು ಕೈಕೆಲಸ ಬಿಟ್ಟು ಬಾಗಿಲಿಗೆ ಬಂದುಬಿಡುತ್ತೇನೆ. ಆ ಹುಡುಗಿ ತಿರುಗಿ ನೋಡಿ, “ಯೆಸ್ ಆಂಟಿ, ಯು ನೀಡ್ ಸಮ್‌ಥಿಂಗ್?” ಎನ್ನುತ್ತಾಳೆ.

“ನಥಿಂಗ್, ಡಿಯರ್” ಎಂದು ಬಾಗಿಲು ಹಾಕಿಕೊಳ್ಳುತ್ತೇನೆ.